ಮುಂಬಾಗಿಲಿಗೂ ಗೇಟಿಗೂ ನಡುವೆ

ಅಂಗಳ ಎಂದರೆ ಹಳ್ಳಿಯಲ್ಲಿ ಕಾಳು ಒಣಗಿಸುವ, ಮಕ್ಕಳು ಹೊರಳಾಡುವ, ಬೇಸಿಗೆಯ ರಾತ್ರಿ ಚಾಪೆ ಹಾಸುವ ಜಾಗ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಅದೇ ಹೆಸರು ಮುಂಬಾಗಿಲಿಗೂ ಗೇಟಿಗೂ ನಡುವೆ ಉಳಿದ ಒಂದು ಪಟ್ಟಿಗೆ ಸಲ್ಲುತ್ತದೆ. ಕಟ್ಟಡ ನಿಯಮದ ಭಾಷೆಯಲ್ಲಿ ಇದು ಸೆಟ್‌ಬ್ಯಾಕ್. 30-40 ಸೈಟಿನಲ್ಲಿ ಮುಂದೆ 5 ಅಡಿ ಬಿಟ್ಟರೆ 150 ಚದರಡಿ. 40-60ರಲ್ಲಿ 10 ಅಡಿ ಬಿಟ್ಟರೆ 400. ಇದರಲ್ಲಿ ಸಂಪು, ಮೀಟರು, ಮಹಡಿ ಮೆಟ್ಟಿಲು, ಎರಡು ಸ್ಕೂಟರು ಕಳೆದು ಉಳಿದದ್ದಕ್ಕೆ ಮನೆಯವರು ‘ಗಾರ್ಡನ್’ ಎನ್ನುತ್ತಾರೆ. ಪತ್ರ ಮನೆಯ ಯಜಮಾನರ ಹೆಸರಿನಲ್ಲಿದ್ದರೂ ಈ ಜಾಗವನ್ನು ದಿನವಿಡೀ ನೋಡುವವರು ಬೀದಿಯವರು. ಅಂಗಳದ ಎಲ್ಲ ಸುಖದುಃಖಗಳಿಗೂ ಮೂಲ ಇದೇ.

ಅಂಗಳ ಹಾಳಾಗುವುದು ಗೃಹಪ್ರವೇಶದ ಮಾರನೆಯ ದಿನದಿಂದ. ಮನೆ ಕಟ್ಟಿ ಮಿಕ್ಕ ಅರ್ಧ ಬುಟ್ಟಿ ಜಲ್ಲಿ, ಗಟ್ಟಿಯಾದ ಸಿಮೆಂಟಿನ ಚೀಲ, ಯಾವ ಕೋಣೆಗೂ ಹೊಂದದ ಹನ್ನೊಂದು ಟೈಲ್ಸು ಒಂದು ಮೂಲೆ ಸೇರುತ್ತವೆ. ‘ಮುಂದೆ ಬೇಕಾಗ್ತವೆ, ಇರ್ಲಿ ಬಿಡ್ರಿ’ ಎಂಬ ಒಂದು ಮಾತಿನ ಬಲದಿಂದ ಅವು ಹತ್ತು ವರ್ಷ ಅಲ್ಲೇ ಇರುತ್ತವೆ. ಆಮೇಲೆ ಮಗ ಬಿಟ್ಟ ಸೈಕಲ್ಲು, ತೊಟ್ಟಿಯಾಗಲೆಂದು ಇಟ್ಟ ಟೈರು, ತಳ ಒಡೆದ ಬಕೆಟ್ಟು ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ. ಹೀಗಾಗಿ ಪಾಳು ಅಂಗಳ ಖಾಲಿ ಅಂಗಳವಲ್ಲ. ಅದು ತುಂಬಿದ ಅಂಗಳ. ಅದನ್ನು ಸುಧಾರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ತೆಗೆಯುವುದು, ಕಾಲು ಪಾಲು ನೆಡುವುದು.

ಕೆಲಸಕ್ಕೆ ಮುಹೂರ್ತ ಕೂಡಿಬರುವುದು ಯುಗಾದಿಗೆ, ಮದುವೆಗೆ ಅಥವಾ ಹೆಣ್ಣು ನೋಡಲು ಬರುವವರ ಫೋನಿಗೆ. ಮೂರನೆಯದರ ಬಲವೇ ದೊಡ್ಡದು. ಭಾನುವಾರ ಹನ್ನೊಂದಕ್ಕೆ ಬರುತ್ತೇವೆಂದು ಶುಕ್ರವಾರ ಸಂಜೆ ತಿಳಿದರೆ, ಆರು ವರ್ಷ ಆಗದ ಕೆಲಸ ಶನಿವಾರ ಆಗುತ್ತದೆ.

ಮೊದಲ ಹಂತ ಗುಜರಿ. ತಳ್ಳುಗಾಡಿಯವನು ತೂಕ ಹಾಕುವಾಗಲೇ ಯಜಮಾನರಿಗೆ ಪ್ರತಿಯೊಂದು ತುಂಡು ಕಬ್ಬಿಣದ ಮೇಲೂ ಹಳೆಯ ಪ್ರೀತಿ ಉಕ್ಕುತ್ತದೆ. ಆ ಹೊತ್ತಿಗೆ ಅವರನ್ನು ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರಲು ಕಳಿಸುವುದು ಅನುಭವಸ್ಥ ಗೃಹಿಣಿಯರ ಕ್ರಮ. ಟೈರು, ಎಳನೀರಿನ ಬುರುಡೆ, ಒಡೆದ ಬಕೆಟ್ಟುಗಳನ್ನು ಅಂದಕ್ಕಲ್ಲದಿದ್ದರೂ ಆರೋಗ್ಯಕ್ಕಾಗಿ ಸಾಗಿಸಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿಗಿಂತ ಇಂಥ ತಿಳಿನೀರನ್ನೇ ಇಷ್ಟಪಡುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು.

ಎರಡನೆಯ ಹಂತ ಕಳೆ. ಗರಿಕೆ, ತುಂಬೆ, ಉತ್ತರಾಣಿಗಳನ್ನು ಕೀಳುವಾಗ ಮನೆಯ ಅಜ್ಜಿ ಅಡ್ಡ ಬರುತ್ತಾರೆ; ಒಂದು ಗಣಪನಿಗೆ, ಒಂದು ಶಿವನಿಗೆ, ಒಂದು ಹಲ್ಲುನೋವಿಗೆ. ಯಾರ ಅಡ್ಡಿಯೂ ಇಲ್ಲದೆ ಕೀಳಬಹುದಾದದ್ದು ಪಾರ್ಥೇನಿಯಂ ಒಂದೇ. ಅಮೆರಿಕ ಖಂಡದ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿತು. ಆಮದು ಗೋಧಿಯ ಜೊತೆ ಬಂತೆಂಬ ಮಾತಿದೆ. ಜನ ಇದನ್ನು ಕಾಂಗ್ರೆಸ್ ಗಿಡ ಎಂದರೂ ಇದು ಎಲ್ಲ ಪಕ್ಷದವರ ಅಂಗಳದಲ್ಲೂ ಸಮನಾಗಿ ಬೆಳೆಯುತ್ತದೆ. ಇದನ್ನು ತಿನ್ನಲೆಂದೇ ಮೆಕ್ಸಿಕೊದಿಂದ ತರಿಸಿದ ಜೈಗೊಗ್ರಾಮ ಎಂಬ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಆದರೆ ಬೀಗರು ಬರುವಷ್ಟರಲ್ಲಿ ಜೀರುಂಡೆಯ ಊಟ ಮುಗಿಯುವುದಿಲ್ಲ. ಗಿಡ ಹೂ ಬಿಡುವ ಮೊದಲೇ, ಮಣ್ಣು ಹಸಿಯಿರುವಾಗ, ಕೈಗವಸು ಹಾಕಿ ಬೇರುಸಹಿತ ಕೀಳಬೇಕು. ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಬರಿಗೈಯಲ್ಲಿ ಮುಟ್ಟಿದವರಿಗೆ ತುರಿಕೆಯ ಕಾಣಿಕೆ ಬೇರೆ.

ಮೂರನೆಯದು ಮಣ್ಣು. ಬಡಾವಣೆಯ ಅಂಗಳ ಅಗೆದರೆ ಮೊದಲು ಸಿಗುವುದು ಇಟ್ಟಿಗೆ ಚೂರು, ಆಮೇಲೆ ತಂತಿ, ಅದರಡಿ ಟ್ರ್ಯಾಕ್ಟರಿನಲ್ಲಿ ತಂದು ಸುರಿದ ಯಾವುದೋ ಊರಿನ ಮಣ್ಣು. ಆ ಮಣ್ಣು ಎರೆಯಾದರೆ ಮಳೆಗಾಲದಲ್ಲಿ ಉಬ್ಬಿ ಚಪ್ಪಲಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರಿದು ಬೀಗದ ಕೈ ನುಂಗುತ್ತದೆ. ಮದ್ದು ಊರಲ್ಲೇ ಇದೆ. ಭದ್ರಾ ನಾಲೆಯ ನೀರಿನಿಂದ ಭತ್ತ ಬೆಳೆಯುವ ಸೀಮೆಯಾದ್ದರಿಂದ ಅಕ್ಕಿ ಗಿರಣಿಗಳ ಹೊಟ್ಟಿಗೆ ಕೊರತೆಯಿಲ್ಲ. ಹೊಟ್ಟನ್ನೂ ಕೊಟ್ಟಿಗೆ ಗೊಬ್ಬರವನ್ನೂ ಬೆರೆಸಿದರೆ ಎರೆ ಸಡಿಲಾಗಿ ಬೇರಿಗೆ ಉಸಿರಾಡಲು ಜಾಗವಾಗುತ್ತದೆ. ಗೊಬ್ಬರ ಚೆನ್ನಾಗಿ ಕಳಿತಿರಬೇಕು. ಹಸಿಯದಾದರೆ ಅಂಗಳದ ಸುದ್ದಿ ಮೂಗಿನ ಮೂಲಕ ಇಡೀ ಬೀದಿಗೆ ತಲುಪುತ್ತದೆ.

ನಾಲ್ಕನೆಯದು ಗಿಡ. ಕುಂದವಾಡ ಕೆರೆಯ ಬಳಿಯ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ನರ್ಸರಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಕೊಳ್ಳುವುದು ವಾಡಿಕೆ. ಆದರೆ ತೋಟದಲ್ಲಿ ಎರಡು ತೆಂಗಿನ ನಡುವೆ 25 ಅಡಿ ಬಿಡುತ್ತಾರೆಂಬುದನ್ನು ನೆನೆದರೆ, 30 ಅಡಿ ಅಗಲದ ಸೈಟಿಗೆ ಒಂದು ತೆಂಗೇ ಹೆಚ್ಚು. ಅದರ ಕಾಯಿ ಬೀಳುವುದೂ ಪಕ್ಕದವರ ಕಾರಿನ ಮೇಲೆ. ಹುಲ್ಲುಹಾಸು ಬೇಸಿಗೆಯಲ್ಲಿ ಮನೆಮಂದಿಗಿಂತ ಹೆಚ್ಚು ನೀರು ಕುಡಿಯುತ್ತದೆ. ದಾಸವಾಳ, ನಂದಿಬಟ್ಟಲು, ಕರಿಬೇವು ಸಾಕು. ಕಣಗಿಲೆ ಬಿಸಿಲಿಗೆ ಜಗ್ಗುವುದಿಲ್ಲ, ದನವೂ ಬಾಯಿ ಹಾಕುವುದಿಲ್ಲ. ಅಡಿಯಿಂದ ಮುಡಿಯವರೆಗೆ ವಿಷವಾದ್ದರಿಂದ ಚಿಕ್ಕ ಮಕ್ಕಳಿರುವ ಮನೆಗೆ ಬೇಡ. ಕರಿಬೇವು ನೆಟ್ಟರೆ ಒಗ್ಗರಣೆಯ ಹೊತ್ತಿಗೆ ಸರಿಯಾಗಿ ನೆರೆಹೊರೆಯವರ ಪ್ರೀತಿ ಹೆಚ್ಚುತ್ತದೆ. ನೆಡಲು ಮುಂಗಾರಿನ ಆರಂಭ ಒಳ್ಳೆಯದು.

ಐದನೆಯದು ನೆಲ. ಕೆಸರಿಗೆ ಬೇಸತ್ತವರು ಗೋಡೆಯಿಂದ ಗೇಟಿನವರೆಗೆ ಸಿಮೆಂಟು ಹಾಕಿಸುತ್ತಾರೆ. ಆಗ ಕಳೆ ಹೋಗುತ್ತದೆ, ಜೊತೆಗೆ ಅಂಗಳವೂ. ಮಳೆನೀರು ಇಂಗದೆ ಬೀದಿಗೆ ಹರಿಯುತ್ತದೆ, ಏಪ್ರಿಲ್ ಮಧ್ಯಾಹ್ನ ನೆಲ ದೋಸೆ ಹಂಚಾಗುತ್ತದೆ. ನಗರಕ್ಕೆ ಕುಡಿಯುವ ನೀರು ಬರುವುದು ಭದ್ರಾ ನಾಲೆಯಿಂದ ಮತ್ತು ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ. ಅಷ್ಟು ದೂರದಿಂದ ನೀರು ತರಿಸುವ ಊರು ತಲೆಯ ಮೇಲೇ ಬಿದ್ದದ್ದನ್ನು ಚರಂಡಿಗೆ ಬಿಡುವುದು ಲೆಕ್ಕಕ್ಕೆ ಕೂಡುವುದಿಲ್ಲ. ಓಡಾಡುವಷ್ಟಕ್ಕೆ ಕಲ್ಲು ಹಾಸಿ, ಉಳಿದದ್ದನ್ನು ಮಣ್ಣಾಗಿಯೇ ಬಿಡುವುದು ಲೇಸು.

ಕೊನೆಯದು ನಿತ್ಯದ ಆರೈಕೆ. ಬೀಗರು ಬಂದು, ಉಪ್ಪಿಟ್ಟು ತಿಂದು, ‘ತಿಳಿಸ್ತೀವಿ’ ಎಂದು ಹೋದ ಮೇಲೆ ಅಂಗಳ ಮತ್ತೆ ಹಳೆಯ ದಾರಿ ಹಿಡಿಯುವ ಅಪಾಯವಿದೆ. ಇದನ್ನು ತಡೆಯುವವರು ಹೂ ಕೀಳುವವರು. ನಸುಕಿನಲ್ಲಿ ವಾಕಿಂಗ್ ಹೊರಟವರ ಕೈಯಲ್ಲಿ ಒಂದು ಕವರು, ಕೊಕ್ಕೆ ಕಟ್ಟಿದ ಒಂದು ಕೋಲು. ಕೇಳಿದರೆ, ‘ದೇವ್ರಿಗೆ ಅಂತ ಎರಡು ಹೂವ ಹರ್ಕಂಡೆ ಕಣಮ್ಮ’ ಎಂಬ ಉತ್ತರ. ಕವರಿನಲ್ಲಿ ಮಾತ್ರ ಮೂವತ್ಮೂರು ಕೋಟಿ ದೇವತೆಗಳಿಗೂ ಸಾಲುವಷ್ಟಿರುತ್ತದೆ. ಅವರಿಗಿಂತ ಮೊದಲು ಏಳದೆ ಗೃಹಿಣಿಗೆ ಬೇರೆ ದಾರಿಯಿಲ್ಲ. ಹೇಗೂ ಎದ್ದಾಗಿದೆಯಲ್ಲ ಎಂದು ಪೊರಕೆ ಹಿಡಿಯುತ್ತಾರೆ, ಗುಡಿಸಿದ ಮೇಲೆ ನೀರು ಚಿಮುಕಿಸುತ್ತಾರೆ, ನೀರು ಹಾಕಿದ ಮೇಲೆ ನಾಲ್ಕೆಳೆ ರಂಗೋಲಿ ಬಿಡುತ್ತಾರೆ. ಕೊಕ್ಕೆಕೋಲಿನವರು ಬಂದಾಗ ರಂಗೋಲಿ ತುಳಿಯದಂತೆ ಸುತ್ತುಬಳಸಿ ನಿಂತು, ಚೆನ್ನಾಗಿದೆ ಎಂದು ಹೊಗಳಿ, ಎರಡೇ ಹೂ ಕಿತ್ತು ಹೋಗುತ್ತಾರೆ.