ಮತ್ಸ್ಯಗೃಹದ ಮಂದ್ರಸ್ಥಾಯಿ

ಬಳ್ಳಾರಿಯ ವೈಶಾಖದಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟಿದಾಗ, 18ರಿಂದ 22 ಡಿಗ್ರಿಯ ತಂಪನ್ನು ಬಯಸುವ ಗೋಲ್ಡ್‌ಫಿಶ್‌ಗಳನ್ನು ಸಾಕುವ ಗೃಹಸ್ಥನು ತನ್ನ ತಲೆಯ ಮೇಲಿನ ಫ್ಯಾನು ನಿಂತರೂ ಸಹಿಸಿಯಾನು, ಅವುಗಳ ಚಿಲ್ಲರ್ ನಿಲ್ಲುವುದನ್ನು ಸಹಿಸಲಾರನು. ಏಕೆಂದರೆ ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕವು ಕುಗ್ಗುತ್ತದೆ, ಸರಿಯಾಗಿ ಅದೇ ಸಮಯಕ್ಕೆ ಆ ಜೀವಿಗಳ ಉಸಿರಿನ ಅಗತ್ಯವು ಹೆಚ್ಚುತ್ತದೆ. ಸೃಷ್ಟಿಕರ್ತನ ಜಮಾಖರ್ಚು ಕೆಲವೊಮ್ಮೆ ಹೀಗಿರುವುದುಂಟು.

ನಮ್ಮ ಚಿಲ್ಲರ್ ನಿಂತಿರಲಿಲ್ಲ. ಕಿಂಚಿತ್ತೂ ಕರ್ತವ್ಯಲೋಪವಿಲ್ಲದೆ ನೀರನ್ನು ತಂಪಾಗಿಸುತ್ತ, ಇರುಳೆಲ್ಲ ಗುಂಯ್ ಎಂದು ಗೊಣಗುತ್ತಿತ್ತು. ಕೆಟ್ಟ ಯಂತ್ರವನ್ನು ರಿಪೇರಿಯವನಿಗೆ ಒಪ್ಪಿಸಬಹುದು. ದುಡಿಯುತ್ತಲೇ ಗೊಣಗುವುದಕ್ಕೆ ಏನು ಮದ್ದು? ಸಂಗೀತ ಬಲ್ಲ ನಮ್ಮ ಮಾವನವರು ಮಾತ್ರ ಕಣ್ಣು ಮುಚ್ಚಿ ಆಲಿಸಿ, "ಮಂದ್ರಸ್ಥಾಯಿ. ಎಳ್ಳಷ್ಟೂ ಕದಲುತ್ತಿಲ್ಲ ನೋಡಿ, ಅಳಿಯಂದಿರೇ" ಎಂದು ತೀರ್ಪಿತ್ತರು. ಅವರ ಕಿವಿ ಸುಳ್ಳಾಡಿರಲಿಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಆವರ್ತಕ್ಕೆರಡು ಬಾರಿ ಮೋಟಾರಿನ ಕಾಂತಶಕ್ತಿ ಉಕ್ಕುವುದರಿಂದ ಹೊರಡುವ ನಾದವು 100 ಕಂಪನಗಳದ್ದು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಸಕಲ ಟ್ರಾನ್ಸ್‌ಫಾರ್ಮರುಗಳೂ ಇದೇ ಶ್ರುತಿಯನ್ನು ಹಿಡಿದಿರುವಾಗ, ರಾಷ್ಟ್ರೀಯ ಭಾವೈಕ್ಯಕ್ಕೆ ಬೇರೆ ಸಾಕ್ಷಿಯೇಕೆ?

ಆದರೂ ನಿದ್ರೆ ಬೇಕಿತ್ತು. ಚಿಲ್ಲರಿನ ಜಾಲರಿಯಲ್ಲಿ ಕಂಬಳಿಯಂತೆ ಹಾಸಿದ್ದ ಕೆಂಧೂಳನ್ನು ಬ್ರಷ್ಷಿನಿಂದ ತೆಗೆದೆ. ಅದರ ಫ್ಯಾನಿನ ಏದುಸಿರು ಇಳಿಯಿತು. ಪಂಪನ್ನು ಓರೆಮಾಡಿ ಅದರಲ್ಲಿ ಸಿಕ್ಕಿದ್ದ ಗಾಳಿಯನ್ನು ಹೊರಡಿಸಿದೆ, ಗುಳುಗುಳು ಅಡಗಿತು. ಗುಂಯ್‌ಕಾರ ಮಾತ್ರ ಅಚಲ. "ಹೋಗಲಿ ಬಿಡಿ, ಮೀನಿಗೆಲ್ಲಿಯ ಕಿವಿ?" ಎಂದು ಅತ್ತೆಯವರು ಸಮಾಧಾನ ಹೇಳಿದರು. ಮನುಷ್ಯರಾದ ನಮಗೆ ಕಿವಿಯಿದೆಯೆಂಬ ಅಂಶವು ಅವರ ಗಣನೆಗೆ ಬಂದಂತೆ ಕಾಣಲಿಲ್ಲ. ಮೀನಿನ ಪರವಾಗಿಯೂ ಹೇಳಬೇಕಾದದ್ದಿದೆ: ಗೋಲ್ಡ್‌ಫಿಶ್‌ನ ಬಳಗದ ಮೀನುಗಳಲ್ಲಿ ಗಾಳಿಚೀಲದಿಂದ ಒಳಗಿವಿಗೆ ಕಂಪನವನ್ನು ಮುಟ್ಟಿಸುವ ಪುಟ್ಟ ಎಲುಬುಗಳ ಸಾಲನ್ನು ಜರ್ಮನಿಯ ವೇಬರ್ 1820ರಲ್ಲಿಯೇ ವರ್ಣಿಸಿದ್ದನು, ಸಿಳ್ಳೆ ಹಾಕಿದರೆ ಹೊರಬರುವ ಕುರುಡು ಬೆಕ್ಕುಮೀನೊಂದರ ವೃತ್ತಾಂತವನ್ನು, ಜೇನಿನ ನೃತ್ಯದಿಂದ ಖ್ಯಾತನಾದ ಫಾನ್ ಫ್ರಿಷ್ 1923ರಲ್ಲಿ ಪ್ರಕಟಿಸಿದ್ದನು. ನಮ್ಮ ಮೀನುಗಳು ಆ ಕಚೇರಿಗೆ ಟಿಕೇಟು ಕೊಳ್ಳದೆ ಕುಳಿತ ಶ್ರೋತೃಗಳಲ್ಲ, ಎದ್ದುಹೋಗಲಾರದ ಶ್ರೋತೃಗಳು.

ಕೊನೆಗೆ, ಅಲ್ಲಲ್ಲಿ ಅಂಗೈ ಒತ್ತಿ ನೋಡುವ ನಾಡಿಪರೀಕ್ಷೆಯನ್ನು ಕೈಗೊಂಡೆ. ಚಿಲ್ಲರನ್ನು ಒತ್ತಿದರೆ ಸದ್ದು ಹಾಗೆಯೇ ಇತ್ತು. ಅದು ಕುಳಿತಿದ್ದ ಪೊಳ್ಳು ಮರದ ಸ್ಟ್ಯಾಂಡನ್ನು ಒತ್ತಿದೊಡನೆ ಅರ್ಧಕ್ಕರ್ಧ ಇಳಿಯಿತು. ಬೇಸಗೆಗೆ ಚಿಲ್ಲರಿನ ರಬ್ಬರ್ ಪಾದಗಳು ಕಲ್ಲಾಗಿದ್ದವು. ಅದರ ಅಲ್ಪ ನಡುಕವನ್ನು ಮರದ ಪೆಟ್ಟಿಗೆಯು ವೀಣೆಯ ಕೊಡದ ಕೆಲಸವನ್ನು ವಹಿಸಿಕೊಂಡು ಇಮ್ಮಡಿಸುತ್ತಿತ್ತು. ಯಂತ್ರವನ್ನು ನೆಲಕ್ಕಿಳಿಸಿ, ಗೋಡೆಯಿಂದ ಗೇಣುದೂರ ಸರಿಸಿ, ದಪ್ಪ ರಬ್ಬರ್ ಹಾಸಿನ ಮೇಲಿಟ್ಟೆ. ಮನೆ ನಿಶ್ಶಬ್ದವಾಯಿತು.

ಮರುದಿನ ಬೆಳಗಿನ ಜಾವ ಮಾವನವರು ಕೋಪದಿಂದಲೇ ಎದ್ದರು. "ತಂಬೂರಿಯ ಖರ್ಚಿಲ್ಲದೆ ಆಧಾರಶ್ರುತಿ ಸಿಕ್ಕಿತ್ತು, ಅದನ್ನೂ ಕಳೆದಿರಲ್ಲ!" ಎಂದು ಮುನಿದು, ಅದೇ 100 ಕಂಪನಗಳನ್ನು ಅರಸುತ್ತ ಹೋಗಿ, ಈಗ ಅಡುಗೆಮನೆಯ ಫ್ರಿಜ್ಜಿನ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡು ಸಾಧನೆ ಮಾಡುತ್ತಿದ್ದಾರೆ, ಮೊಸರು ತೆಗೆಯಬೇಕಾದರೆ ಅತ್ತೆಯವರು ಪಲ್ಲವಿ ಮುಗಿಯುವವರೆಗೆ ಕಾಯಬೇಕಾಗಿದೆ.