ಮೇಷ್ಟ್ರ ಗಾಳಿಗೋಪುರ

ಆಷಾಢ ಬಂತೆಂದರೆ ಚಿತ್ರದುರ್ಗದ ಕಡೆ ತಾರಸಿಯಲ್ಲಿ ಒಣಹಾಕಿದ ಪಂಚೆ ಪಕ್ಕದ ಮನೆಯವರ ಪಾಲಾಗುವುದು ಮಾಮೂಲು. ಜೊತೆಗೆ ಜೋಗಿಮಟ್ಟಿಯ ಗುಡ್ಡಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳು ಬೇರೆ ಕಣ್ಣು ಕುಕ್ಕುತ್ತಿರುತ್ತವೆ. ಅಲ್ಲಿನ ನಿವೃತ್ತ ಮೇಷ್ಟ್ರೊಬ್ಬರಿಗೆ ತಮ್ಮ ತಾರಸಿಯ ಮೇಲೂ ಒಂದು ಪುಟ್ಟ ಯಂತ್ರ ನೆಟ್ಟು ಕರೆಂಟ್ ಬಿಲ್ಲಿಗೆ ಎಳ್ಳುನೀರು ಬಿಡೋಣ ಎನಿಸಿತು.

“ರೀ, ಆಷಾಢ ಒಂದೇ ತಿಂಗಳು. ಬಿಲ್ಲು ಹನ್ನೆರಡು ತಿಂಗಳೂ ಬರುತ್ತೆ” ಎಂದರು ಹೆಂಡತಿ.

ವಿಜ್ಞಾನವೂ ಅವರ ಪಕ್ಷವೇ. ಗಾಳಿಯ ವೇಗ ಅರ್ಧಕ್ಕಿಳಿದರೆ ಅದರ ಶಕ್ತಿ ಎಂಟನೇ ಒಂದು ಪಾಲಿಗಿಳಿಯುತ್ತದೆ. ಇದ್ದ ಶಕ್ತಿಯಲ್ಲೂ ಶೇ. 59.3ಕ್ಕಿಂತ ಹೆಚ್ಚನ್ನು ಯಾವ ರೆಕ್ಕೆಯೂ ದೋಚಲಾರದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾನೆ. ರೆಕ್ಕೆ ಸುತ್ತುವ ವೃತ್ತ 2 ಮೀಟರ್ ಅಗಲವಿದ್ದು, ಸೆಕೆಂಡಿಗೆ 5 ಮೀಟರ್ ಗಾಳಿ ಬೀಸಿದರೆ ಕೈಗೆ ಹತ್ತುವುದು 70 ವಾಟಿನ ಆಸುಪಾಸು. ಅಂದರೆ ತಾರಸಿಯ ಮೇಲಿನ ಫ್ಯಾನಿಗೆ ನಡುಮನೆಯ 75 ವಾಟಿನ ಹಳೇ ಫ್ಯಾನನ್ನು ತಿರುಗಿಸುವ ತಾಕತ್ತಿಲ್ಲ!

ಪಂಚೆ ಹಾರಿಸಲು ಎಂಥ ಗಾಳಿಯಾದರೂ ಆದೀತು. ಯಂತ್ರ ಮಾತ್ರ ಮಡಿವಂತ. ಗೋಡೆಗೆ, ನೀರಿನ ಟ್ಯಾಂಕಿಗೆ, ಮರಕ್ಕೆ ಬಡಿದು ಸುಳಿಯಾಗಿ ಬಂದ ಗಾಳಿ ಅದಕ್ಕೆ ಒಗ್ಗದು. ನಡುಗುತ್ತದೆ, ಸವೆಯುತ್ತದೆ, ಕರೆಂಟ್ ಕೊಡುವುದಿಲ್ಲ. ಇಂಗ್ಲೆಂಡಿನ ವಾರ್ವಿಕ್ ಪ್ರಯೋಗದಲ್ಲಿ ಕಟ್ಟಡಗಳ ಮೇಲೆ ಇಂಥ 26 ಯಂತ್ರಗಳನ್ನು ಕೂರಿಸಿ ನೋಡಿದ್ದರು. 2009ರಲ್ಲಿ ವರದಿ ಬಂದಾಗ ಕೆಲವು ಯಂತ್ರಗಳು ದುಡಿದದ್ದಕ್ಕಿಂತ ತಮ್ಮ ಎಲೆಕ್ಟ್ರಾನಿಕ್ ಸಲಕರಣೆಗೆಂದು ತಿಂದದ್ದೇ ಹೆಚ್ಚಾಗಿತ್ತು. ಮನೆಅಳಿಯನಾದರೂ ಬಜಾರಿಗೆ ಹೋಗಿ ಬರುತ್ತಾನೆ.

ಸುಳಿ ಎಲ್ಲಿಯವರೆಗೆ ಇದೆ ಎಂದು ತಿಳಿಯಲು ಸೊಗಸಾದ ಉಪಾಯವೊಂದುಂಟು. ಗಾಳಿಪಟದ ದಾರಕ್ಕೆ ಅಲ್ಲಲ್ಲಿ ಬಣ್ಣದ ಪಟ್ಟಿ ಕಟ್ಟಿ ಹಾರಿಸಬೇಕು. ಕೆಳಗಿನ ಪಟ್ಟಿಗಳು ದಿಕ್ಕೆಟ್ಟು ಪಟಪಟಿಸುತ್ತವೆ. ಯಾವ ಎತ್ತರದಿಂದ ಎಲ್ಲವೂ ಒಂದೇ ಕಡೆ ಚಾಚಿಕೊಳ್ಳುತ್ತವೋ ಅಲ್ಲಿಂದಾಚೆಗಿನದು ಯಂತ್ರದ ಗಾಳಿ. ಅರವತ್ತು ದಾಟಿದವರಿಗೆ ಗಾಳಿಪಟ ಹಾರಿಸಲು ಇದಕ್ಕಿಂತ ಗೌರವಸ್ಥ ನೆಪ ಬೇಕೆ? ಮೇಷ್ಟ್ರು ಮೊಮ್ಮಗನಿಗೂ ದಾರ ಕೊಡದೆ ಎರಡು ಸಂಜೆ ಹಾರಿಸಿದರು.

ಗಾಳಿಪಟ ಹೇಳಿದ್ದನ್ನೇ ರೂಢಿಯ ನಿಯಮವೂ ಹೇಳುತ್ತದೆ: ಸುತ್ತಲಿನ 150 ಮೀಟರ್ ಒಳಗೆ ಎಲ್ಲಕ್ಕಿಂತ ಎತ್ತರದ್ದು ಯಾವುದೋ, ರೆಕ್ಕೆ ಅದಕ್ಕಿಂತ 9 ಮೀಟರಾದರೂ ಮೇಲಿರಬೇಕು. ಆಚೆಮನೆಯ ತೆಂಗಿನಮರವೇ ಐವತ್ತಡಿ. ಅಲ್ಲಿಗೆ ಎಂಬತ್ತಡಿಯ ಕಂಬವಾಯಿತು. ಮೇಷ್ಟ್ರದೋ ಮೂವತ್ತು-ನಲವತ್ತರ ಸೈಟು. ಕಂಬ ಉರುಳಿದರೆ ಅದರ ತುದಿ ಬೀಳುವುದು ಪರರ ಅಂಗಳದಲ್ಲಿ.

ಮರವನ್ನೇ ಕಡಿಸಬಹುದೇ ಎಂದು ಮೆಲ್ಲಗೆ ವಿಚಾರಿಸಿದರು.

“ಮೇಷ್ಟ್ರೇ, ಇದು ವರ್ಷಕ್ಕೆ ನೂರು ಕಾಯಿ ಕೊಡುತ್ತೆ. ನಿಮ್ಮದು ಎಷ್ಟು ಕೊಡುತ್ತೆ?” ಎಂದರು ಆಚೆಮನೆಯವರು.