ಬೋರ್ನಿಯೋಗೆ ಅರ್ಧ ಪ್ರದಕ್ಷಿಣೆ

ಶಿವನ ಗುಡಿಯಲ್ಲಿ ಪೂರ್ತಿ ಪ್ರದಕ್ಷಿಣೆ ಹಾಕಬಾರದು, ಗೋಮುಖದ ತನಕ ಹೋಗಿ ಹಾಗೇ ಹಿಂದಕ್ಕೆ ಬರಬೇಕು ಎಂದು ನಮ್ಮತ್ತೆ ಮದುವೆಯಾದ ಹೊಸತರಲ್ಲೇ ಕಲಿಸಿದ್ದರು. ಬೋರ್ನಿಯೋ ದ್ವೀಪಕ್ಕೂ ಇದೇ ಶಾಸ್ತ್ರ ಅನ್ವಯಿಸುತ್ತದೆಂದು ತಿಳಿದದ್ದು ಹಡಗು ಹತ್ತಿದ ಮೇಲೆ. ಬಣ್ಣದ ಪುಸ್ತಿಕೆಯಲ್ಲಿ 'ಬೋರ್ನಿಯೋ ಸುತ್ತ ಸಾಹಸಯಾನ' ಎಂದು ದಪ್ಪಕ್ಷರದಲ್ಲಿತ್ತು. ಅದರಡಿಯ ನಕ್ಷೆಯನ್ನು ಕನ್ನಡಕ ಹಾಕಿಕೊಂಡು ನೋಡಿದರೆ, ಚುಕ್ಕಿಯ ಗೆರೆ ಕೋಟ ಕಿನಬಾಲುವಿನಲ್ಲಿ ಹೊರಟು, ಉತ್ತರದ ತುದಿಯನ್ನು ಬಳಸಿ, ಪೂರ್ವದ ಕರಾವಳಿಯಲ್ಲಿ ಒಂದಿಷ್ಟು ದೂರ ಇಳಿದು, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾಗುತ್ತಿತ್ತು. ಹಡಗಿನವರದೂ ಪೂರ್ತಿ ತಪ್ಪಲ್ಲ. ಸುತ್ತಿ ಮುಗಿಸಲು ಬೋರ್ನಿಯೋ ಏನು ಹಿತ್ತಲಿನ ತುಳಸಿಕಟ್ಟೆಯೇ? ಜಗತ್ತಿನ ಮೂರನೆಯ ದೊಡ್ಡ ದ್ವೀಪ ಅದು. ಇಂಡೋನೇಷ್ಯಾ, ಮಲೇಷ್ಯಾ, ಬ್ರೂನೈ ಮೂರೂ ದೇಶಗಳು ಹಂಚಿಕೊಂಡು ಕೂತಿವೆ. ಹೆಚ್ಚುಕಡಿಮೆ ನಾಲ್ಕು ಕರ್ನಾಟಕ ಹಿಡಿಸುತ್ತದೆ.

ನಾನು ಹೋಗಬೇಕಾದ ಯಾತ್ರೆಯೇ ಅಲ್ಲ ಅದು. ಸಿಂಗಪುರದಲ್ಲಿರುವ ನಾದಿನಿ ತನಗೂ ಗಂಡನಿಗೂ ಬುಕ್ ಮಾಡಿದ್ದಳು. ಅವರ ಮಂಡಿ ಕೈಕೊಟ್ಟಿತು. "ಈಗ ಕ್ಯಾನ್ಸಲ್ ಮಾಡಿದ್ರೆ ಒಂದು ಕಾಸೂ ವಾಪಸ್ ಬರಲ್ಲ ಅತ್ತಿಗೆ, ನೀವೇ ಬಂದ್ಬಿಡಿ" ಎಂದಳು. ಕೊಟ್ಟ ದುಡ್ಡು ಹಾಳಾಗಬಾರದೆಂಬ ಒಂದೇ ಕಾರಣಕ್ಕೆ ಸಮುದ್ರಕ್ಕಿಳಿದ ಅನ್ವೇಷಕಿ ಚರಿತ್ರೆಯಲ್ಲಿ ನಾನೊಬ್ಬಳೇ ಇರಬೇಕು. ಮೈಸೂರಿನಿಂದ ಹೊರಡುವಾಗ ಕೋಡುಬಳೆ, ಚಟ್ನಿಪುಡಿ, ಅಮೃತಾಂಜನ ಇಟ್ಟುಕೊಂಡೆ. ಕೊಲಂಬಸನ ಹತ್ತಿರ ಇವು ಮೂರೂ ಇರಲಿಲ್ಲ. ಅವನು ದಾರಿ ತಪ್ಪಿದ್ದರಲ್ಲಿ ಆಶ್ಚರ್ಯವೇನು?

ನೂರು ಜನವೂ ಇಲ್ಲದ ಪುಟ್ಟ ಹಡಗು. ದೊಡ್ಡ ಕ್ರೂಸ್ ಹಡಗುಗಳಲ್ಲಿ ಈಜುಕೊಳ, ಕ್ಯಾಸಿನೊ, ನಡುರಾತ್ರಿಯ ಪಿಜ್ಜಾ ಎಲ್ಲ ಇರುತ್ತವಂತೆ. ಎಕ್ಸ್‌ಪೆಡಿಷನ್ ಹಡಗಿನಲ್ಲಿ ಅದಕ್ಕಿಂತ ಹೆಚ್ಚು ದುಡ್ಡು ಕೊಟ್ಟರೆ ಕೆಸರು, ಜಿಗಣೆ ಮತ್ತು ಸಂಜೆ ಆರಕ್ಕೆ ಉಪನ್ಯಾಸ ಸಿಗುತ್ತದೆ. ದಡ ಸೇರಲು ಜೋಡಿಯಾಕ್ ಎಂಬ ರಬ್ಬರ್ ದೋಣಿ. ಅದಕ್ಕಿಳಿಯುವ ಮುನ್ನ ಬಾಗಿಲ ಬಳಿಯ ಹಲಗೆಯಲ್ಲಿ ನಮ್ಮ ನಂಬರಿನ ಬಿಲ್ಲೆಯನ್ನು ತಿರುಗಿಸಬೇಕು. ಬಂದ ಮೇಲೆ ಮತ್ತೆ ತಿರುಗಿಸಲು ಮರೆತರೆ ನಾವಿನ್ನೂ ಕಾಡಿನಲ್ಲೇ ಇದ್ದೇವೆಂದು ಲೆಕ್ಕ. ದೋಣಿಯವನ ಕೈಯನ್ನು ಸುಮ್ಮನೆ ಹಿಡಿಯುವಂತಿಲ್ಲ. ಅವನು ನಮ್ಮ ಮುಂಗೈ, ನಾವು ಅವನ ಮುಂಗೈ, ಎರಡೂ ಗಟ್ಟಿಯಾಗಿ ಹಿಡಿದು ಕಾಲಿಡಬೇಕು. ನನ್ನ ಕೈಯಲ್ಲಿ ಹಸಿರು ಗಾಜಿನ ಬಳೆ. ಆ ಹುಡುಗ ಹಿಡಿದ ರಭಸಕ್ಕೆ ಎರಡು ಚಟ್ಟೆಂದವು. ಅವನು "ಸಾರಿ ಮ್ಯಾಮ್, ಸಾರಿ ಮ್ಯಾಮ್" ಎನ್ನುತ್ತ ದೋಣಿಯ ತಳದಲ್ಲಿ ಬಳೆಚೂರು ಹುಡುಕತೊಡಗಿದ. ರಬ್ಬರ್ ದೋಣಿಯಲ್ಲಿ ಗಾಜಿನ ಚೂರು ಎಂದರೆ ಏನೆಂದು ಅವನ ಮುಖ ನೋಡಿಯೇ ಗೊತ್ತಾಯಿತು. ಆಮೇಲಿನ ಬೋರ್ನಿಯೋ ದರ್ಶನವನ್ನೆಲ್ಲ ಬೋಳು ಕೈಯಲ್ಲಿ ಮಾಡಿದೆ. ಈ ಸುದ್ದಿ ಅತ್ತೆಯ ಕಿವಿಗೆ ಹೋಗಕೂಡದೆಂದು ನಾದಿನಿಯಿಂದ ಭಾಷೆ ತೆಗೆದುಕೊಂಡೆ.

ಊಟದ ಮೇಜಿನಲ್ಲಿ ಬೇರೆ ಸಂಕಟ. ಸಹಯಾತ್ರಿಕರೆಲ್ಲ ಹಳೇ ಹುಲಿಗಳು. ಸೂಪು ಬರುವ ಮುಂಚೆಯೇ "ಅಂಟಾರ್ಕ್ಟಿಕಾ ಎರಡು ಸಲ ಆಯಿತು", "ಗಲಾಪಗೋಸ್ ಈಗ ಮೊದಲಿನಂತಿಲ್ಲ ಬಿಡಿ" ಎಂದು ಶುರುವಾಗುತ್ತಿತ್ತು. ಎಷ್ಟು ದಿನ ಸಹಿಸುವುದು? ಒಂದು ರಾತ್ರಿ ನಾನೂ ಗಂಟಲು ಸರಿಮಾಡಿಕೊಂಡು, "ಕೊಲ್ಲೂರು, ಶೃಂಗೇರಿ, ಹೊರನಾಡು ಮೂರನ್ನೂ ಒಂದೇ ದಿನದಲ್ಲಿ ಮುಗಿಸಿದ್ದೇನೆ, ಟೆಂಪೊ ಟ್ರಾವೆಲರಿನ ಹಿಂದಿನ ಸೀಟಿನಲ್ಲಿ" ಎಂದೆ. ನಾದಿನಿ ತರ್ಜುಮೆ ಮಾಡಿದಳು. ಆಗುಂಬೆಯ ತಿರುವುಗಳನ್ನು ನಾನು ಕೈಯಲ್ಲೇ ತೋರಿಸಿದೆ. ಎರಡು ಸಲ ಅಂಟಾರ್ಕ್ಟಿಕಾ ಆದವರು ಚಮಚ ಕೆಳಗಿಟ್ಟರು.

ಕಿನಬಾತಂಗನ್ ನದಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬೇಗ ಮುಗಿಸುತ್ತೇನೆ. 560 ಕಿಲೋಮೀಟರ್ ಉದ್ದ, ಹಾಲು ಕಮ್ಮಿಯಾದ ಕಾಫಿಯ ಬಣ್ಣ. ಸಂಜೆಯಾದರೆ ದಡದ ಮರಗಳಿಗೆ ಉದ್ದ ಮೂಗಿನ ಕೋತಿಗಳು ಮಲಗಲು ಬರುತ್ತವೆ. ಬೋರ್ನಿಯೋ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಕೋತಿ. ಗಂಡಿನ ಮೂಗು ಬಾಯಿಯ ಮೇಲೆ ಜೋತು ಬಿದ್ದಿರುತ್ತದೆ, ಎಲೆ ತಿಂದು ತಿಂದು ಹೊಟ್ಟೆ ಗುಡಾಣ, ಸುತ್ತ ಹೆಂಡಿರು ಮಕ್ಕಳು. ಊಟವಾದ ಮೇಲೆ ಜಗಲಿಯಲ್ಲಿ ಕೂತ ನಮ್ಮ ದೊಡ್ಡಮಾವನೇ! ನಾನು ಹಾಗೆಂದು ಜೋರಾಗಿ ಹೇಳಿ, ನಾದಿನಿ ಕಿಸಕ್ಕೆಂದು ನಕ್ಕು, ನಮ್ಮ ದೋಣಿಯ ಹಕ್ಕಿಪ್ರೇಮಿಗಳೊಬ್ಬರು 'ಶ್...' ಎಂದರು. ಅವರು ಇಡೀ ಯಾನದಲ್ಲಿ ನನಗೆ ಹೇಳಿದ ಮಾತು ಅದೊಂದೇ. ಬೋರ್ನಿಯೋದ ಎಂಟು ಬಗೆಯ ಮಂಗಟ್ಟೆ ಹಕ್ಕಿಗಳನ್ನೂ ನೋಡಿ ಪಟ್ಟಿಯಲ್ಲಿ ಗುರುತು ಹಾಕಬೇಕೆಂದು ಹಟ ಹಿಡಿದು ಬಂದಿದ್ದರು. ನಮ್ಮ ದಾಂಡೇಲಿಯಲ್ಲೇ ನಾಲ್ಕು ಬಗೆಯಿವೆ, ಉಳಿದ ನಾಲ್ಕಕ್ಕೆ ಇಷ್ಟು ಖರ್ಚೇ ಎಂದು ಕೇಳುವ ಮನಸ್ಸಾಯಿತು. ಆದರೆ ಮತ್ತೆ 'ಶ್...' ಅಂದುಬಿಟ್ಟರೆ? ಅಷ್ಟರಲ್ಲಿ ದಡದ ಹುಲ್ಲಿನಲ್ಲಿ ಬೋರ್ನಿಯೋದ ಗಿಡ್ಡ ಆನೆಗಳೂ ಕಂಡವು. ದೋಣಿಯವರೆಲ್ಲ ನಮ್ಮ ಅದೃಷ್ಟವನ್ನು ನಾವೇ ಕೊಂಡಾಡಿಕೊಂಡೆವು.

ಮರುದಿನ ಸಂಡಾಕನ್‌ನಲ್ಲಿ ಹಡಗು ನಿಲ್ಲಿಸಿ ಗೊಮಾಂಟಾಂಗ್ ಗುಹೆಗೆ ಬಸ್ಸಿನಲ್ಲಿ ಕರೆದೊಯ್ದರು. ಕಿಟಕಿಯ ಎರಡೂ ಕಡೆ ಒಂದೇ ಜಾತಿಯ ಮರ, ಒಂದೇ ಅಳತೆ, ಸಾಲಿಗೆ ಸಾಲು. ಅರ್ಧ ಗಂಟೆಯಾದರೂ ಅದೇ, ಒಂದು ಗಂಟೆಯಾದರೂ ಅದೇ. "ಕಾಡು ಯಾವಾಗ ಬರುತ್ತೆ?" ಎಂದು ನಾದಿನಿ ಕೇಳಿದಳು. "ಇದೇ ಕಾಡಾಗಿತ್ತು" ಎಂದ ಅಲ್ಲಿಯವನೇ ಆದ ಗೈಡು. ಅವೆಲ್ಲ ಎಣ್ಣೆತಾಳೆ. ಹುಟ್ಟೂರು ಪಶ್ಚಿಮ ಆಫ್ರಿಕಾ. 1848ರಲ್ಲಿ ಡಚ್ಚರು ಜಾವಾದ ಬೋಗೋರ್ ಸಸ್ಯೋದ್ಯಾನದಲ್ಲಿ ನಾಲ್ಕೇ ನಾಲ್ಕು ಸಸಿ ನೆಟ್ಟಿದ್ದರಂತೆ. ಇವತ್ತು ಪ್ರಪಂಚದ ತಾಳೆಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಇಂಡೋನೇಷ್ಯಾ, ಮಲೇಷ್ಯಾಗಳದು. "ನಿನ್ನೆ ನೀವು ಅಷ್ಟೊಂದು ಪ್ರಾಣಿ ನೋಡಿದಿರಿ, ಖುಷಿಪಟ್ಟಿರಿ. ನದಿಯ ಪಕ್ಕ ಸುಮಾರು 26,000 ಹೆಕ್ಟೇರಿನ ಅಭಯಾರಣ್ಯ, ಅದೂ ತುಂಡುತುಂಡು. ಅದರಾಚೆ ಎಲ್ಲ ಇದೇ ತೋಟ. ಅವು ನಿಮಗೆ ಕಾಣಿಸಿದ್ದು ಹೋಗೋದಕ್ಕೆ ಬೇರೆ ಜಾಗ ಇಲ್ಲದ್ದಕ್ಕೆ" ಎಂದು ಹೇಳಿ ಮೈಕು ಆರಿಸಿದ.

ಬಸ್ಸು ಗಪ್‌ಚಿಪ್ಪಾಯಿತು. ಇಂಥ ಹೊತ್ತಿನಲ್ಲಿ ನನ್ನ ಕೈ ತಾನಾಗಿಯೇ ಚೀಲಕ್ಕೆ ಹೋಗುತ್ತದೆ. ಕೋಡುಬಳೆ ಪೊಟ್ಟಣ ಹೊರಗೆ ಬಂತು. ಸಾಲು ಸಾಲಾಗಿ ಹಂಚಿದೆ. ತಾಳೆ ತೋಟಗಳಿಗೆ ಹಿಡಿಶಾಪ ಹಾಕುತ್ತಲೇ ಎಲ್ಲರೂ ಎರಡೆರಡು ತೆಗೆದುಕೊಂಡರು, ಅಂಟಾರ್ಕ್ಟಿಕಾದವರು ಮೂರು. 'ಶ್...'ನವರಂತೂ ಖಾಲಿ ಪೊಟ್ಟಣವನ್ನೇ ಇಸಿದುಕೊಂಡು, ಏನೇನು ಹಾಕಿದ್ದಾರೆಂದು ಹಿಂಬದಿಯ ಸಣ್ಣಕ್ಷರ ಓದತೊಡಗಿದರು. ಅಕ್ಕಿಹಿಟ್ಟು, ಮೈದಾ, ಖಾರದಪುಡಿ, ಖಾದ್ಯ ತಾಳೆಎಣ್ಣೆ. ಮೆಲ್ಲಗೆ ತಲೆಯೆತ್ತಿ ಕಿಟಕಿಯಾಚೆ ನೋಡಿದರು, ಕೈಯಲ್ಲಿದ್ದ ಅರ್ಧ ಕೋಡುಬಳೆ ನೋಡಿದರು, ಬಾಯಿಗೆ ಹಾಕಿಕೊಂಡರು. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆಎಣ್ಣೆ ತರಿಸಿಕೊಳ್ಳುವ ದೇಶ ನಮ್ಮದೇ. ಆ ಮರಗಳಿಗೆ ನಾನು ಹೊಸಬಳಾಗಿರಲಿಲ್ಲ. ರೇಷನ್ ಅಂಗಡಿಯ ಪಾಮೋಲಿನ್ ಕಾಲದಿಂದಲೂ ನಮಗೆ ಪರಿಚಯ, ಮುಖ ನೋಡಿರಲಿಲ್ಲ ಅಷ್ಟೆ.

ಇನ್ನು ಗುಹೆ.

ಗೊಮಾಂಟಾಂಗಿನ ಕಪ್ಪು ಗುಹೆಯ ಚಾವಣಿ ನಲವತ್ತು, ಅರವತ್ತು ಮೀಟರ್ ಎತ್ತರ. ಮೇಲೆ ಲಕ್ಷಗಟ್ಟಲೆ ಬಾವಲಿ, ಬಾನಾಡಿ ಹಕ್ಕಿ. ಕೆಳಗೆ ಅವು ಕಾಲಕಾಲದಿಂದ ದಯಪಾಲಿಸುತ್ತ ಬಂದ ಹಿಕ್ಕೆಯ ದಿಬ್ಬ. ಆ ಹಿಕ್ಕೆಯನ್ನು ನಂಬಿ ಬದುಕುವ ಜಿರಲೆಗಳು. ಇವೆಲ್ಲದರ ನಡುವೆ ಯಾತ್ರಿಕರಿಗೆಂದು ಹಲಗೆ ಹಾಸಿದ ದಾರಿ. ಒಳಗೆ ಒಂದು ಸುತ್ತು ಹಾಕಿಸಿ ಹೊರಗೆ ತರುತ್ತದೆ, ಕೊನೆಗೂ ಪೂರ್ತಿ ಪ್ರದಕ್ಷಿಣೆ! ಬಾಗಿಲಲ್ಲಿ ಗೈಡು ಮೂರು ಸೂಚನೆ ಕೊಟ್ಟ. ಟೋಪಿ ಹಾಕಿಕೊಳ್ಳಿ. ಮೇಲೆ ನೋಡುವಾಗ ಬಾಯಿ ಮುಚ್ಚಿಕೊಳ್ಳಿ. ಹಲಗೆ ಜಾರುತ್ತದೆ, ಪಕ್ಕದ ಕಂಬಿ ಹಿಡಿದೇ ನಡೆಯಿರಿ.

ಕಂಬಿ ಹಿಡಿಯೋಣವೆಂದು ಟಾರ್ಚು ಬಿಟ್ಟೆ. ಕಂಬಿ ಹರಿದಾಡುತ್ತಿತ್ತು.

ನಾನು ಮನೆಯಲ್ಲಿ ಒಂದೇ ಒಂದು ಜಿರಲೆ ಕಂಡರೆ ಸ್ಟೂಲು ಹತ್ತುವವಳು. ರಾತ್ರಿ ಮಲಗುವ ಮುನ್ನ ಸಿಂಕಿನ ಕೆಳಗೆ ಸೀಮೆಸುಣ್ಣದ ಗೆರೆ ಎಳೆದು, ರಾವಣನೂ ದಾಟದ ಗೆರೆಯಾಗಲೆಂದು ಬೇಡಿಕೊಳ್ಳುವವಳು. ಇಲ್ಲಿ ಅಳಿಯ ಜಿರಲೆ, ಬೀಗರ ಜಿರಲೆ, ಮೀಸೆ ಚಿಗುರದ ಮರಿ ಜಿರಲೆ, ಇಡೀ ಕುಲವೇ ಕಂಬಿಯ ಮೇಲೆ ಸಂಜೆಯ ವಾಕಿಂಗ್ ಹೊರಟಿತ್ತು. ಜಾರಿದರೆ ಹಿಕ್ಕೆ, ಹಿಡಿದರೆ ಜಿರಲೆ. ಯಾವ ಗೀತೋಪದೇಶವೂ ಇಂಥ ಧರ್ಮಸಂಕಟಕ್ಕೆ ಉತ್ತರ ಹೇಳಿಲ್ಲ.

ಮೊದಲು ಕಂಬಿಯನ್ನು ಮುಟ್ಟದೆ, ಅದರ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಕೈ ಚಾಚಿಕೊಂಡು ನಡೆದೆ. ಬಿದ್ದರೆ ಹಿಡಿಯೋಣ, ಬೀಳದಿದ್ದರೆ ಉಳಿದೆ ಎಂಬ ಲೆಕ್ಕ. ಕೈ ಸೋತಿತು. ನಾದಿನಿಯ ರೇನ್‌ಕೋಟಿನ ಅಂಚು ಹಿಡಿದೆ. ಅವಳು ಆಗಲೇ 'ಶ್...'ನವರ ಕ್ಯಾಮೆರಾ ಚೀಲದ ಪಟ್ಟಿ ಹಿಡಿದಿದ್ದಳು. ಅವರು ಅಂಟಾರ್ಕ್ಟಿಕಾದವರ ಬೆಲ್ಟು ಹಿಡಿದಿದ್ದರು. ಅಂಟಾರ್ಕ್ಟಿಕಾದವರು ಯಾರನ್ನೂ ಹಿಡಿಯದೆ, ಜಿರಲೆಯಿಲ್ಲದ ಖಂಡವನ್ನು ನೆನೆಯುತ್ತ, ಎರಡೂ ಕೈ ಎದೆಗೆ ಕಟ್ಟಿಕೊಂಡಿದ್ದರು. ಯಾರೊಬ್ಬರೂ ಕಂಬಿ ಮುಟ್ಟದ ಆ ಸರಪಳಿ ಇಂಚಿಂಚಾಗಿ ಮುಂದೆ ಹೋಯಿತು. ಒಬ್ಬರು ಜಾರಿದರೂ ನಾಲ್ಕು ಜನ ಒಟ್ಟಿಗೆ ಹಿಕ್ಕೆಗೆ ಹೋಗುವ ವ್ಯವಸ್ಥೆ.

ಜಾರಿದವಳು ನಾದಿನಿ. ರೇನ್‌ಕೋಟು ನನ್ನ ಕೈಯಿಂದ ಕಿತ್ತುಕೊಂಡಿತು, ನನ್ನ ಎಡಗಾಲು ಹೊರಟಿತು, ಬಲಗಾಲು ಅದನ್ನು ಹಿಂಬಾಲಿಸಿತು, ಬಲಗೈ ಮಾತ್ರ ನನ್ನನ್ನು ಕೇಳದೆ ಹೋಗಿ ಕಂಬಿಯನ್ನು ಗಬಕ್ಕನೆ ಹಿಡಿಯಿತು. ಕಣ್ಣು ಮುಚ್ಚಿದ್ದೆ. ಕೈಯಡಿಯಲ್ಲಿ ಪಟಪಟ ಅನ್ನಬೇಕು, ಅನ್ನಲಿಲ್ಲ. ಮೆಲ್ಲಗೆ ಒಂದು ಕಣ್ಣು ತೆರೆದೆ. ನನ್ನ ಐದು ಬೆರಳಿಗೆ ಎಷ್ಟು ಬೇಕೋ ಅಷ್ಟು ಜಾಗ ಬಿಟ್ಟು ಎಲ್ಲವೂ ಅತ್ತಿತ್ತ ಸರಿದುಕೊಂಡಿದ್ದವು! ಒಂದು ಮಾತ್ರ ಹೆಬ್ಬೆರಳಿನ ಪಕ್ಕ ನಿಂತು, ಉದ್ದನೆಯ ಮೀಸೆಯಿಂದ ನನ್ನ ಉಗುರನ್ನು ಮುಟ್ಟಿ ನೋಡಿ, ತಿನ್ನುವ ಪದಾರ್ಥವಲ್ಲವೆಂದು ತೀರ್ಮಾನಿಸಿ ಹೊರಟುಹೋಯಿತು. ಬೆಂಗಳೂರಿನ ಬಸ್ಸುಗಳಲ್ಲಿ 'ಮಹಿಳೆಯರಿಗೆ' ಎಂದು ಬರೆದ ಸೀಟಿನಲ್ಲೇ ಕೂತು ಕಿಟಕಿಯಾಚೆ ನೋಡುವ ಗಂಡಸರನ್ನು ಎಷ್ಟು ವರ್ಷ ನೋಡಿಲ್ಲ ನಾನು! ಕೇಳದೇ ಎದ್ದು ಜಾಗ ಬಿಟ್ಟ ಜೀವಿಗಳನ್ನು ನೋಡಲು ಬೋರ್ನಿಯೋ ತನಕ ಬರಬೇಕಾಯಿತು.

ಅಲ್ಲಿಂದ ಮುಂದೆ ನನ್ನನ್ನು ಹಿಡಿಯುವವರಿಲ್ಲ. ಸಾಲಿನ ಮುಂದಕ್ಕೆ ಹೋಗಿ ಎಲ್ಲರಿಗೂ ಪಾಠ ಶುರುಮಾಡಿದೆ. "ಹೆದರಬೇಡಿ, ಮೆಲ್ಲಗೆ ಕೈ ಇಡಿ, ಅವೇ ಸರೀತವೆ!" ನಾದಿನಿ ತರ್ಜುಮೆ ಮಾಡುವ ಸ್ಥಿತಿಯಲ್ಲಿರಲಿಲ್ಲ, ಮಂಡಿಗೆ ಮೆತ್ತಿದ್ದನ್ನು ಒರೆಸಿಕೊಳ್ಳುತ್ತಿದ್ದಳು. "ಅತ್ತಿಗೆ, ಸಾಕು ಬನ್ನಿ" ಎಂದಳು. ಅಂಟಾರ್ಕ್ಟಿಕಾದವರು ನನ್ನ ಮಾರ್ಗದರ್ಶನದಲ್ಲಿ ಮೊದಲು ಒಂದು ಬೆರಳು, ಆಮೇಲೆ ಎರಡು ಬೆರಳು ಇಟ್ಟರು. ಹಕ್ಕಿಪ್ರೇಮಿಗಳು ಕಿರುಚಿದರು. "ಶ್..." ಎಂದೆ. ಯಾನದ ದುಡ್ಡು ಆ ಕ್ಷಣದಲ್ಲಿ ಅಸಲು ಬಡ್ಡಿ ಸಮೇತ ವಸೂಲಾಯಿತು.

ಆ ಹುರುಪಿನಲ್ಲೇ, ಬಾಯಿ ಮುಚ್ಚಿಕೊಂಡು, ಮೇಲೆ ನೋಡಿದೆ. ಚಾವಣಿಯಿಂದ ಬೆತ್ತದ ಏಣಿಯೊಂದು ಇಳಿಬಿದ್ದಿತ್ತು. ಅದರ ತುದಿಯಲ್ಲಿ ಸಣ್ಣ ಬೆಳಕು ಅಲ್ಲಾಡುತ್ತಿತ್ತು. ಮನುಷ್ಯ! ಬಾನಾಡಿಗಳು ತಮ್ಮ ಜೊಲ್ಲಿನಿಂದ ಗೋಡೆಗೆ ಅಂಟಿಸಿ ಕಟ್ಟುವ ಗೂಡನ್ನು ಕೀಳುವವನು. ವರ್ಷಕ್ಕೆ ಎರಡು ಸಲ ಕೀಳಲು ಅಪ್ಪಣೆ. ಮೊಟ್ಟೆಯಿಡುವ ಮುಂಚೆ ಒಮ್ಮೆ, ಹಕ್ಕಿ ಮತ್ತೆ ಕಟ್ಟಿ ಮರಿ ಹಾರಿಹೋದ ಮೇಲೆ ಒಮ್ಮೆ. ನಮ್ಮ ಮನೆಯಲ್ಲಿ ಎಂಜಲು ತಗುಲಿದ ಲೋಟವನ್ನು ಬಚ್ಚಲಿಗೇ ಇಡಬೇಕು. ಇಲ್ಲಿ ಎಂಜಲಿನ ಗೂಡಿಗೆ ಚೀನೀ ಸೂಪಿನ ಮಾರುಕಟ್ಟೆಯಲ್ಲಿ ಕೇಳಿದಷ್ಟು ಬೆಲೆ. ಮೊಣಕಾಲುದ್ದದ ನೀರಿಗಿಳಿಯಲು ನಮ್ಮಿಂದ ಹಾಳೆಗಟ್ಟಲೆ ಸಹಿ ಹಾಕಿಸಿಕೊಂಡು, ಲೈಫ್ ಜಾಕೆಟ್ಟಿನ ಬಕಲನ್ನು ಇಬ್ಬಿಬ್ಬರು ಎಳೆದು ನೋಡುತ್ತಿದ್ದರು. ಅರವತ್ತು ಮೀಟರ್ ಮೇಲೆ ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ಗೂಡು ಹಿಡಿದವನ ಬಿಲ್ಲೆಯನ್ನು ತಿರುಗಿಸಿ ಇಡುವ ಹಲಗೆ ಎಲ್ಲೂ ಕಾಣಲಿಲ್ಲ. ಏಣಿಯ ಬುಡದಲ್ಲಿ ಇನ್ನೊಬ್ಬ ಹಗ್ಗ ಹಿಡಿದು ನಿಂತಿದ್ದ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ, ಅವನ ಕಣ್ಣೆಲ್ಲ ಮೇಲಿತ್ತು. ಅವನ ಹೆಗಲ ಮೇಲೂ ಜಿರಲೆ ಓಡಾಡುತ್ತಿದ್ದವು. ನನ್ನ ಪಾಠ ಅಲ್ಲಿಗೆ ನಿಂತಿತು.

ರಾತ್ರಿ ಹಡಗಿನಲ್ಲಿ ಎರಡು ದಿನದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ಮಂಗಟ್ಟೆ, ಕೋತಿ, ಆನೆ ಆದ ಮೇಲೆ ನಾನು. ಕಂಬಿಯ ಮೇಲೆ ಕೈ, ಮುಖದಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದ ಕಳೆ, ಟೋಪಿಯ ಅಂಚಿನಲ್ಲಿ ಫ್ಲಾಶಿನ ಬೆಳಕಿಗೆ ಮಿರಮಿರ ಮಿಂಚುತ್ತ ಕೂತ ಹೆಬ್ಬೆರಳು ಗಾತ್ರದ ಜಿರಲೆ. ಚಪ್ಪಾಳೆಯೋ ಚಪ್ಪಾಳೆ. ನಾದಿನಿ ಬಿಡುತ್ತಾಳೆಯೇ? ಮಂಡಿಯ ಸೇಡು ತೀರಿಸಿಕೊಳ್ಳಲು ಆ ಕ್ಷಣವೇ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದಳು.

ಬೆಳಿಗ್ಗೆ ಅತ್ತೆಯ ಫೋನು. ಎದೆ ಧಸಕ್ಕೆಂದಿತು. ಬೋಳು ಕೈ ಗಮನಿಸಿಬಿಟ್ಟರೇನೋ!

"ನೋಡಿದೆ ಕಣೇ ಫೋಟೋ. ಎಲ್ಲಾ ಸರಿ, ಟೋಪಿಗೆ ಸಿಕ್ಕಿಸಿಕೊಂಡಿದ್ದೀಯಲ್ಲ ಕಂದು ಕಲ್ಲಿನ ಪಿನ್ನು, ಅದು ಬಲೇ ಚೆನ್ನಾಗಿದೆ. ಅಲ್ಲೆಲ್ಲ ಕಲ್ಲು ಅಗ್ಗವೇನೇ? ನನಗೂ ಒಂದು ತಗೊಂಡು ಬಾ."

"ಅಗ್ಗವೇ ಅತ್ತೆ, ರಾಶಿ ರಾಶಿ ಇತ್ತು" ಎಂದೆ. "ಆದ್ರೆ ಒಂದು ಕಡೆ ನಿಲ್ಲಲ್ಲ."

"ಹಿಂದಿನ ತಿರುಪು ಸಡಿಲ ಇರ್ಬೇಕು" ಎಂದರು ಅತ್ತೆ. "ನಮ್ಮ ಆಚಾರಿ ಹತ್ರ ಸರಿಮಾಡಿಸ್ಕೊಂಡ್ರಾಯ್ತು, ತಾ."